ಎರಡನೆಯ ಹನಿ

ನಮ್ಮ ಲೈನು ಮುಚ್ಚಿದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಸುತ್ತಿ ಬಳಸಿ ಕಂಪನಿಯನ್ನು ಬೈದು, ಕೋಟು ಹಾಕಿಕೊಂಡು ಬಂದವನನ್ನು ಬೈದು, ಕೊನೆಗೆ ನನ್ನ ಸರದಿ ಬರುವ ಹೊತ್ತಿಗೆ ನಿಮಗೆ ನನ್ನ ಮೇಲೆ ಅಯ್ಯೋ ಪಾಪ ಅನ್ನಿಸಿಬಿಟ್ಟಿರುತ್ತದೆ. ಅದು ನನಗೆ ಬೇಡ. ಏನಿದ್ದರೂ ಅದು ಅಕ್ಕನಿಗೆ ಸಲ್ಲಬೇಕು.

ನಾವು ಮಾಡುತ್ತಿದ್ದದ್ದು ಬಲೂನು. ಹಾಗಂದರೆ ಜನ ನಗುತ್ತಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಅವಳ ಗೆಳತಿಯರು ಹುಟ್ಟುಹಬ್ಬ ಬಂತೆಂದರೆ ಸಾಕು, ನಿಮ್ಮಮ್ಮನ ಫ್ಯಾಕ್ಟರಿಯಿಂದ ಒಂದು ಡಜನ್ ತಗೊಂಡು ಬಾ ಎಂದು ಪೀಡಿಸುತ್ತಿದ್ದರು. ನಮ್ಮ ಬಲೂನು ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ಅಷ್ಟೇ. ಬೆಂಕಿಕಡ್ಡಿಗಿಂತ ಸಣ್ಣ ಕೊಳವೆಯೊಂದರ ತುದಿಗೆ ಅದನ್ನು ಕೂರಿಸಿರುತ್ತಾರೆ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಡಾಕ್ಟರು ಆ ಕೊಳವೆಯನ್ನು ಒಳಗೆ ತೂರಿಸಿ, ಕಟ್ಟಿಕೊಂಡ ಜಾಗದಲ್ಲಿ ಬಲೂನು ಉಬ್ಬಿಸುತ್ತಾರೆ, ರಕ್ತಕ್ಕೆ ದಾರಿ ತೆರೆಯುತ್ತದೆ. ಆ ಕೊಳವೆಗೂ ಬಲೂನಿಗೂ ನಡುವೆ ಇರುವುದು ಒಂದು ಹನಿ ಅಂಟು.

ಕೊಳವೆ ಕತ್ತರಿಸುವವರು, ತೊಳೆಯುವವರು, ಮಡಚುವವರು, ಪ್ಯಾಕ್ ಮಾಡುವವರು ಎಲ್ಲ ಸೇರಿ ನಮ್ಮ ಲೈನಿನಲ್ಲಿ ಮೂವತ್ತೆಂಟು ಜನ ಹೆಂಗಸರು. ಆದರೆ ಲೈನಿನ ಜೀವ ಇದ್ದದ್ದು ಅಂಟಿನ ನಾಲ್ಕು ಮೇಜುಗಳಲ್ಲಿ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, ಎಡಗೈಯಲ್ಲಿ ಕೊಳವೆಯನ್ನು ನಿಧಾನವಾಗಿ ತಿರುಗಿಸುತ್ತ, ಬಲಗೈಯ ಸೂಜಿಯಿಂದ ಒಂದೇ ಒಂದು ಹನಿ ಮುಟ್ಟಿಸಬೇಕು. ಅಂಟು ಸುತ್ತಲೂ ಹರಿದು ಉಂಗುರ ಆಗಬೇಕು. ಆಮೇಲೆ ನೀಲಿ ದೀಪದ ಕೆಳಗೆ ಇಟ್ಟರೆ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಆ ಉಂಗುರದಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದರೂ ಆ ಪೀಸು ಕೆಟ್ಟಂತೆ. ಆ ಬಿರುಕನ್ನು ಹಿಡಿಯುವ ಕೆಲಸ ನನ್ನದು. ಮೂಲೆಯ ಮೇಜಿನಲ್ಲಿ ಕೂತು ಪ್ರತಿ ಬಲೂನಿಗೂ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ಹತ್ತು ಎಣಿಸುವವರೆಗೂ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಗುಳ್ಳೆ ಬಂದರೆ ಕೆಂಪು ತಟ್ಟೆಗೆ. ಪ್ರತಿ ಪೀಸಿನ ಜೊತೆಗೂ ಅದನ್ನು ಅಂಟಿಸಿದವಳ ನಂಬರ್ ಇರುತ್ತದೆ. ತಪ್ಪು ಆ ನಂಬರಿನ ತಲೆಯ ಮೇಲೆ ಬೀಳುತ್ತದೆ.

ಏಳನೇ ನಂಬರ್ ನಮ್ಮಕ್ಕ.

ಅಮ್ಮ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತೆರಡು. ನನ್ನನ್ನು ಓದಿಸಿ, ಈ ಫ್ಯಾಕ್ಟರಿಗೆ ಸೇರಿಸಿ, ನನ್ನ ಮದುವೆ ಮುಗಿಸುವಷ್ಟರಲ್ಲಿ ಅವಳ ಮದುವೆಯ ವಯಸ್ಸು ಮುಗಿದಿತ್ತು. ಅದನ್ನು ಅವಳು ಒಂದು ದಿನವೂ ಎತ್ತಿ ಆಡಲಿಲ್ಲ. ನನ್ನ ಮನೆಯ ಮೇಲಿನ ಒಂಟಿ ಕೋಣೆಯಲ್ಲಿದ್ದಾಳೆ, ಊಟ ಕೆಳಗೆ ನಮ್ಮ ಜೊತೆ. ಲೈನಿನಲ್ಲಿ ಮೂವತ್ತೇಳು ಜನಕ್ಕೂ ಅವಳು ಅಕ್ಕನೇ. ಅರ್ಧ ಜನಕ್ಕೆ ಸೂಜಿ ಹಿಡಿಯಲು ಕಲಿಸಿದವಳೂ ಅವಳೇ. ಟೋಪಿ, ಮಾಸ್ಕು, ಗೌನು ಎಲ್ಲ ಹಾಕಿಕೊಂಡು ಕೂತರೆ ನಮ್ಮಲ್ಲಿ ಯಾರಿಗೂ ಮುಖವೇ ಇರುವುದಿಲ್ಲ, ಕಣ್ಣು ಮಾತ್ರ. ಆದರೆ ಅಕ್ಕನನ್ನು ಬೆನ್ನ ಹಿಂದಿನಿಂದ ನೋಡಿಯೂ ಗುರುತಿಸಬಹುದಿತ್ತು. ಅಷ್ಟು ಅಲ್ಲಾಡದೆ ಕೂರುವವಳು ಇನ್ನೊಬ್ಬಳಿರಲಿಲ್ಲ.

ಈಗ್ಗೆ ಸುಮಾರು ನಾಲ್ಕು ವರ್ಷದ ಹಿಂದೆ ಅವಳ ಬಲಗೈ ಹೆಬ್ಬೆರಳು ನಡುಗಲು ಶುರುವಾಯಿತು.

ಮೊದಲು ದಿನಕ್ಕೊಂದು ಪೀಸು ಕೆಂಪು ತಟ್ಟೆಗೆ ಬಂತು. ಆಮೇಲೆ ಎರಡು. ಆಮೇಲೆ ಐದು. ಅಕ್ಕ ಅಂಟಿನ ಮೇಲೆ ಹಾಕಿದಳು. "ಈ ಸಲದ ಅಂಟೇ ಸರಿ ಇಲ್ಲ ಕಣೇ, ನೀರು ನೀರಾಗಿದೆ," ಅಂದಳು. ಅದೇ ಬಾಟಲಿಯ ಅಂಟು ಉಳಿದ ಮೂವರಿಗೂ ಹೋಗುತ್ತಿತ್ತು, ನಾನು ಬಾಯಿಬಿಡಲಿಲ್ಲ. ಒಂದು ದಿನ ಲೈನ್ ಲೀಡರ್ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಕ್ಕನ್ನ ಡಬ್ಬಿ ಮಡಚೋ ಕಡೆ ಹಾಕೋಣ ಅಂತಿದ್ದೀನಿ. ನೀನೇ ಮೆಲ್ಲಗೆ ಹೇಳು," ಅಂದಳು. ಹೇಳೋಣ ಎಂದೇ ಬಟ್ಟೆ ಬದಲಾಯಿಸುವ ಕೋಣೆಗೆ ಹೋದೆ. ಅಕ್ಕ ನಲ್ಲಿಯ ಮುಂದೆ ನಿಂತು ಹೆಬ್ಬೆರಳನ್ನು ಎಡಗೈಯಿಂದ ಹಿಡಿದು, ಹಟ ಮಾಡುವ ಮಗುವನ್ನು ಗದರಿಸುವ ಹಾಗೆ ತೀಡುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಕೈ ಗೌನಿನ ಜೇಬಿಗೆ ಹೋಯಿತು. "ಏನೇ?" ಅಂದಳು. ಏನಿಲ್ಲ ಅಂದೆ.

ಮಾರನೆಯ ದಿನದಿಂದ ನಾನು ಎರಡನೆಯ ಹನಿ ಹಾಕಲು ಶುರುಮಾಡಿದೆ.

ಇದು ನಾನೇ ಕಂಡುಹಿಡಿದ ವಿದ್ಯೆಯಲ್ಲ. ಹಿಂದೆ ಇದಕ್ಕೆ ಅನುಮತಿಯೇ ಇತ್ತು. ಉಂಗುರದಲ್ಲಿ ಬಿರುಕು ಕಂಡರೆ ಸೂಜಿ ತುದಿಯಿಂದ ಅಲ್ಲಿಗೆ ಇನ್ನೊಂದು ಹನಿ ಮುಟ್ಟಿಸಿ, ಮತ್ತೆ ನೀಲಿ ದೀಪಕ್ಕಿಟ್ಟು, ಆಮೇಲೆ ನೀರಿಗೆ ಹಾಕುತ್ತಿದ್ದೆವು. ನನಗೆ ಕಲಿಸಿದ್ದೂ ಅಕ್ಕನೇ. ಆಮೇಲೆ ಹೊಸ ನಿಯಮ ಬಂತು: ಒಂದು ಪೀಸಿಗೆ ಒಂದೇ ಹನಿ, ಕೆಟ್ಟರೆ ಎಸೆಯಿರಿ, ಎಸೆದದ್ದನ್ನು ಪುಸ್ತಕದಲ್ಲಿ ಬರೆಯಿರಿ. ಎಲ್ಲಿ ತಪ್ಪಾಗುತ್ತಿದೆ ಎಂದು ತಿಳಿಯಬೇಕಾದರೆ ತಪ್ಪು ಕಣ್ಣಿಗೆ ಬೀಳಬೇಕಲ್ಲ, ಅದಕ್ಕೆ. ಒಳ್ಳೆಯ ನಿಯಮವೇ, ನಾನೇನೂ ಅಲ್ಲ ಅನ್ನುವುದಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಇಪ್ಪತ್ತು ನಿಮಿಷ ಮೊದಲು ಹೋಗುತ್ತಿದ್ದೆ, ಟೀಗೆ ಏಳುತ್ತಿರಲಿಲ್ಲ. ಪರೀಕ್ಷೆಗೆ ಉಳಿಸಿಟ್ಟಿದ್ದ ಏಳನೇ ನಂಬರಿನ ಪೀಸುಗಳನ್ನು ಒಂದೊಂದಾಗಿ ನೋಡಿ, ಬಿರುಕಿದ್ದ ಕಡೆ ಹನಿ ಮುಟ್ಟಿಸಿ, ಗಟ್ಟಿ ಮಾಡಿ, ಒಂದು ಸಲಕ್ಕೆ ಎರಡು ಸಲ ನೀರಿಗೆ ಹಾಕಿ ನೋಡುತ್ತಿದ್ದೆ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ಯಾರದೋ ಎದೆಯೊಳಗೆ ಹೋಗುವ ವಸ್ತು, ಅದರಲ್ಲಿ ನಾನು ಮೋಸ ಮಾಡಲಿಲ್ಲ. ಮೋಸ ಮಾಡಿದ್ದು ಪುಸ್ತಕಕ್ಕೆ.

ವಾರದೊಳಗೆ ಅಕ್ಕನ ನಂಬರ್ ಕೆಂಪು ತಟ್ಟೆಯಿಂದ ಮಾಯವಾಯಿತು. "ನೋಡಿದ್ಯಾ, ನಾನು ಹೇಳ್ಲಿಲ್ವಾ? ಹೊಸ ಬಾಟಲಿ ಬಂತು, ಸರಿಹೋಯ್ತು," ಅಂದಳು. ಅವತ್ತು ರಾತ್ರಿ ಊಟಕ್ಕೆ ಇನ್ನೊಂದು ಸಲ ಬಡಿಸಿಕೊಂಡಳು. ನನ್ನ ಗಂಡ, "ಏನತ್ತಿಗೆ, ಇವತ್ತು ಒಳ್ಳೆ ಹಸಿವು?" ಅಂದರೆ, "ನನ್ನ ಕೈ ಇನ್ನೂ ಹತ್ತು ವರ್ಷ ಹೋಗುತ್ತೆ ಅಂತ ಗೊತ್ತಾಯ್ತಲ್ಲ," ಅಂತ ನಕ್ಕಳು.

ಅಲ್ಲಿಗೇ ನಿಲ್ಲಿಸಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಮೂರನೇ ಮೇಜಿನವಳು ಒಂದು ಮಧ್ಯಾಹ್ನ ಕೆಂಪು ತಟ್ಟೆಯಲ್ಲಿ ತನ್ನ ನಾಲ್ಕು ಪೀಸು ಕಂಡು ಗೊಳೋ ಎಂದು ಅತ್ತಳು. ಅಕ್ಕನಿಗೆ ಒಂದು ನ್ಯಾಯ, ಇವಳಿಗೆ ಒಂದು ನ್ಯಾಯವೇ ಅಂದುಕೊಂಡೆ. ನನ್ನ ಧರ್ಮಬುದ್ಧಿ ನೋಡಿ. ಅವತ್ತಿನಿಂದ ನಾಲ್ಕು ಮೇಜಿಗೂ ನಾನೇ ಎರಡನೆಯ ಹನಿ. ಯಾರಿಗೂ ಹೇಳಲಿಲ್ಲ. ಪ್ರತಿಯೊಬ್ಬಳೂ ತನ್ನ ಕೈ ಪಳಗಿತು ಅಂದುಕೊಂಡಳು.

ನೂರಕ್ಕೆ ಐದು ಇದ್ದ ತಪ್ಪು ಸೊನ್ನೆಗೆ ಬಂತು. ಕಂಪನಿ ನಮ್ಮ ಲೈನಿಗೆ ಬಹುಮಾನವಾಗಿ ಗಾಜಿನ ಕಪ್ ಕೊಟ್ಟಿತು, ಕೇಕು ಕತ್ತರಿಸಿದರು, ಫೋಟೋ ತೆಗೆದರು. ಫೋಟೋದ ಮಧ್ಯದಲ್ಲಿ ಅಕ್ಕ.

ಹೀಗೆ ಮೂರು ವರ್ಷ. ಆಮೇಲೆ ಕೋಟಿನವನು ಬಂದ. ಕಂಪನಿಗೆ ಎಲ್ಲಿ ಎಷ್ಟು ಉಳಿಸಬಹುದು ಎಂದು ಲೆಕ್ಕ ಹಾಕಿಕೊಡಲು ಹೊರಗಿನಿಂದ ಕರೆಸಿದ ಮನುಷ್ಯ. ಮೂವತ್ತೆಂಟು ಜನರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ ಗೋಡೆಯ ಮೇಲೆ ಒಂದು ಚಿತ್ರ ಬಿಟ್ಟ. ಫ್ಯಾಕ್ಟರಿಯ ಐದು ಲೈನುಗಳಿಗೆ ಐದು ಗೆರೆ. ನಾಲ್ಕು ಮೇಲೆ ಕೆಳಗೆ ಕುಣಿಯುತ್ತಿದ್ದವು. ನಮ್ಮದು ನೆಲಕ್ಕಂಟಿಕೊಂಡು ಮಲಗಿತ್ತು.

"ನಿಮ್ಮ ಲೈನಿನಲ್ಲಿ ಮೂರು ವರ್ಷದಿಂದ ತಪ್ಪೇ ಇಲ್ಲ. ಇದಕ್ಕೆ ನಿಮ್ಮನ್ನು ಅಭಿನಂದಿಸಬೇಕು," ಅಂದ. ನಾವು ಚಪ್ಪಾಳೆ ತಟ್ಟಿದೆವು, ಬುದ್ಧಿಗೇಡಿಗಳು. "ಅಂದರೆ ಈ ಕೆಲಸ ಈಗ ಯಾರು ಬೇಕಾದರೂ ಮಾಡುವಷ್ಟು ಸುಲಭವಾಗಿದೆ. ಆದ್ದರಿಂದ ಮೊದಲು ಹೊರಗಿನ ಕಂಪನಿಗೆ ಕೊಡುವುದು ಈ ಲೈನನ್ನೇ. ಉಳಿದ ನಾಲ್ಕರಲ್ಲಿ ಇನ್ನೂ ತಪ್ಪು ಜಾಸ್ತಿ. ಅವನ್ನು ಬೇರೆಯವರ ಕೈಗೆ ಕೊಡುವ ಧೈರ್ಯ ನಮಗಿಲ್ಲ." ಒಪ್ಪಂದಕ್ಕೆ ಸಹಿಯಾಗಿ ಎರಡು ತಿಂಗಳಾಗಿತ್ತಂತೆ. ಆರು ವಾರದಲ್ಲಿ ಆ ಕಂಪನಿಯವರಿಗೆ ಕೆಲಸ ಕಲಿಸಿಕೊಟ್ಟು ನಾವು ಮನೆಗೆ ಹೋಗಬೇಕಂತೆ.

ನಮ್ಮಲ್ಲಿ ಒಬ್ಬಳಿಗೆ ರೇಡಿಯೋ ಎಂದೇ ಹೆಸರು. ಅವಳ ಬಾಯಿ ಬಂದ್ ಆಗುವುದು ಮಲಗಿದಾಗ ಮಾತ್ರ. ಅವಳು ಎದ್ದು ನಿಂತು, "ಅಂದ್ರೆ ಸರ್, ನಾವು ದಿನಾ ನಾಲ್ಕು ಹಾಳು ಮಾಡಿದ್ರೆ ಕೆಲಸ ಉಳೀತಿತ್ತಾ?" ಅಂದಳು. ಅಳುತ್ತಿದ್ದವರೂ ನಕ್ಕರು. ಕೋಟಿನವನೂ ನಕ್ಕ.

ಗೋಡೆಯ ಮೇಲೆ ಮಲಗಿದ್ದ ಆ ಗೆರೆ ನನ್ನದು. ನಾನೇ ಒಂದೊಂದು ಹನಿಯಾಗಿ ಎಳೆದದ್ದು.

ಸಹಿ ಆಗಿಹೋದ ಮೇಲೆ ಬಾಯಿಬಿಟ್ಟರೆ ಯಾರ ಕೆಲಸವೂ ವಾಪಸ್ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಅದಲ್ಲ. ಅಕ್ಕನಿಗೆ ಗೊತ್ತಾಗಬಾರದು, ಅಷ್ಟೇ. ಕೆಲಸ ಹೋದರೂ ತನ್ನ ಕೈ ಚೆನ್ನಾಗಿತ್ತು ಅನ್ನುವುದೊಂದನ್ನು ಅವಳು ಮನೆಗೆ ತೆಗೆದುಕೊಂಡು ಹೋಗಬೇಕು. ಅವಳಿಗೆ ಬೇರೆ ಏನಿತ್ತು ಹೇಳಿ.

ಎರಡನೇ ವಾರ ಹೊರಗಿನ ಕಂಪನಿಯ ಎಂಜಿನಿಯರ್ ಬಂದ. ಮರ್ಯಾದಸ್ಥ, ಮಾತಿಗೆ ಮುಂಚೆ ಕೈ ಮುಗಿಯುವವನು. ಪ್ರತಿ ಮೇಜಿನ ಮೇಲೂ ಒಂದೊಂದು ಕ್ಯಾಮೆರಾ ಕಟ್ಟಿದ. ನಾವು ಮಾಡುವುದನ್ನೆಲ್ಲ ಚಿತ್ರ ಹಿಡಿದು ಅಲ್ಲಿಯವರಿಗೆ ತೋರಿಸಬೇಕಂತೆ. ನನ್ನ ಮೂಲೆಯ ಮೇಜಿಗೂ ಒಂದು. ಸೂಜಿ ಮುಟ್ಟುವ ಹಾಗಿಲ್ಲ. ಬಂದ ಪೀಸನ್ನು ಬಂದ ಹಾಗೇ ನೀರಿಗೆ ಹಾಕಬೇಕು.

ಮೊದಲ ದಿನವೇ ಕೆಂಪು ತಟ್ಟೆ ತುಂಬಿತು. ಉಳಿದ ಮೂವರದ್ದು ಮೂರು, ನಾಲ್ಕು, ಎರಡು. ಏಳನೇ ನಂಬರಿನದ್ದು ಹದಿನೇಳು.

ಅಕ್ಕ ತಟ್ಟೆಯನ್ನು ನೋಡಿ, "ಮನಸ್ಸು ಸರಿ ಇಲ್ಲ. ಮನೆಗೆ ಕಳಿಸೋರ ಮುಂದೆ ಕೂತು ಕೆಲಸ ಮಾಡು ಅಂದ್ರೆ ಹೇಗೆ ಬರುತ್ತೆ?" ಅಂದಳು. ಎಲ್ಲರೂ ಹೌದು ಹೌದು ಅಂದರು. ಎರಡನೇ ದಿನ ಹತ್ತೊಂಬತ್ತು. ಮೂರನೇ ದಿನ ಆ ಎಂಜಿನಿಯರ್ ಅವಳ ಪಕ್ಕ ಬಗ್ಗಿ ನಿಂತು, ತುಂಬ ಮೆತ್ತಗೆ, "ಅಮ್ಮಾ, ತಪ್ಪು ತಿಳೀಬೇಡಿ. ಕೈ ನಡುಗ್ತಿದೆ, ಚಿತ್ರ ಸರಿಯಾಗಿ ಬರ್ತಿಲ್ಲ. ನಾನು ಬೇರೆಯವರದ್ದು ತಗೋತೀನಿ," ಅಂದು ಕ್ಯಾಮೆರಾ ಬಿಚ್ಚಿಕೊಂಡು ಹೋದ. ಆ ಮನುಷ್ಯ ಒರಟಾಗಿ ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಅಕ್ಕ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಶಿಫ್ಟು ಮುಗಿಯುವವರೆಗೂ ಹಾಗೇ ಕೂತಿದ್ದಳು.

ನಾಲ್ಕು ದಿನ ಅವಳು ಮನೆಯಲ್ಲಿ ಸರಿಯಾಗಿ ಮಾತಾಡಲಿಲ್ಲ. ತಟ್ಟೆಯಲ್ಲಿ ಹಾಕಿದ್ದು ಹಾಗೇ ಉಳಿಯುತ್ತಿತ್ತು. ಭಾನುವಾರ ಬೆಳಿಗ್ಗೆ ಇಬ್ಬರೂ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆವು. ಕ್ಲಿಪ್ಪನ್ನು ಒತ್ತಲು ಅವಳ ಬಲಗೈಯಿಂದ ಆಗುತ್ತಿರಲಿಲ್ಲ. ಕೈ ಬದಲಿಸಿ ಎಡಗೈಯಿಂದ ಒತ್ತಿದಳು, ಒದ್ದೆ ಬೆಡ್‌ಶೀಟಿನ ಆ ಕಡೆಯಿಂದ ಕೇಳಿದಳು:

"ಪುಟ್ಟಿ, ಒಂದು ಕೇಳ್ತೀನಿ. ಸುಳ್ಳು ಹೇಳ್ಬೇಡ."

ನನಗೆ ನಲವತ್ಮೂರು ವರ್ಷ. ಆ ಹೆಸರು ಕರೆದರೆ ಈಗಲೂ ನೆಟ್ಟಗೆ ನಿಲ್ಲುತ್ತೇನೆ.

"ನನ್ನ ಮುಖ ನೋಡಿ ಎಷ್ಟು ಪಾಸ್ ಮಾಡಿದ್ದೀಯ?"

"ಏನು ಹಾಗಂದ್ರೆ?"

"ಈ ಕೈ ನಿನ್ನೆ ಮೊನ್ನೆ ಕೆಟ್ಟಿದ್ದಲ್ಲ, ನನಗೂ ಅಷ್ಟು ಗೊತ್ತಾಗುತ್ತೆ. ಮೂರು ವರ್ಷದಿಂದ ನಂದು ಒಂದೂ ಕೆಂಪು ತಟ್ಟೆಗೆ ಬಂದಿಲ್ಲ. ಪರೀಕ್ಷೆ ಮಾಡೋಳು ನೀನು. ಗುಳ್ಳೆ ಬಂದಿದ್ರೂ ಅಕ್ಕನದ್ದು ಅಂತ ಕಣ್ಣು ಮುಚ್ಚಿಕೊಂಡು ಎಷ್ಟು ಕಳಿಸಿದೆ?" ಬೆಡ್‌ಶೀಟನ್ನು ಸರಿಸಿ ಈ ಕಡೆ ಬಂದಳು. ಕಣ್ಣು ಕೆಂಪಗಾಗಿತ್ತು. "ಅದು ಯಾರ್ಯಾರ ಎದೆಯೊಳಗೆ ಹೋಯ್ತೋ. ಒಳಗೆ ಹೋಗಿ ಏನಾಯ್ತೋ. ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ ಕಣೇ. ನಾನು ಎಷ್ಟು ಜನನ್ನ ಕೊಂದಿದ್ದೀನಿ, ಅದೊಂದು ಹೇಳು."

ನಾಲ್ಕು ದಿನದಿಂದ ಅವಳನ್ನು ತಿನ್ನುತ್ತಿದ್ದದ್ದು ಇದು. ಕೈ ಹೋಯಿತು ಎಂದು ಅವಳು ಕೊರಗುತ್ತಿದ್ದಾಳೆ ಅಂದುಕೊಂಡಿದ್ದೆ. ನನ್ನ ಅಕ್ಕನನ್ನು ನಾನು ಅಷ್ಟೇ ಅಳೆದಿದ್ದೆ.

ಹೇಳದೆ ಬೇರೆ ದಾರಿ ಇರಲಿಲ್ಲ. ಎಲ್ಲ ಹೇಳಿದೆ. ಲೈನ್ ಲೀಡರ್ ಅವಳನ್ನು ಡಬ್ಬಿ ಮಡಚುವ ಕಡೆ ಹಾಕೋಣ ಅಂದದ್ದು, ಬೆಳಿಗ್ಗೆ ಬೇಗ ಹೋಗುತ್ತಿದ್ದದ್ದು, ಟೀ ಬಿಟ್ಟದ್ದು, ಎರಡನೆಯ ಹನಿ, ಎರಡೆರಡು ಸಲ ನೀರಿಗೆ ಹಾಕಿದ್ದು. "ಒಂದೇ ಒಂದು ಕೆಟ್ಟದ್ದು ಹೊರಗೆ ಹೋಗಿಲ್ಲ ಅಕ್ಕ. ನಿನ್ನಾಣೆ, ನನ್ನ ಮಗಳಾಣೆ."

"ಒಂದೂ ಇಲ್ವಾ?"

"ಒಂದೂ ಇಲ್ಲ."

ಅವಳು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಸಿದು ಕೂತಳು. ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು, ನಡುವೆ ನಕ್ಕಳು ಕೂಡ. ನನ್ನ ಕೆನ್ನೆ ಸವರಿದಳು. ಗೊತ್ತಾದರೂ ಪರವಾಗಿಲ್ಲ, ಅವಳಿಗೆ ಸಮಾಧಾನವಾಯಿತಲ್ಲ ಅಂದುಕೊಂಡೆ.

ಅಕ್ಕ ಎಂದೂ ಅರ್ಧಕ್ಕೆ ಯೋಚನೆ ಬಿಡುವವಳಲ್ಲ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಕಣ್ಣು ಒರೆಸಿಕೊಂಡಳು. "ಎಲ್ಲರದ್ದೂ ನೀನೇ ಸರಿ ಮಾಡ್ತಿದ್ಯಾ?" ಅಂದಳು.

"ಹೂಂ."

"ಹಾಗಾದ್ರೆ ಆ ಗೋಡೆ ಮೇಲೆ ತೋರಿಸಿದ್ರಲ್ಲ, ನಮ್ಮದು ತಪ್ಪೇ ಇಲ್ಲ ಅಂತ..."

ನಾನು ಬಟ್ಟೆಯ ಬಕೆಟ್ಟನ್ನು ನೋಡುತ್ತ ನಿಂತೆ.

"ಅವತ್ತೇ ಒಂದು ಮಾತು ಹೇಳಬಾರದಿತ್ತಾ, ಪುಟ್ಟಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ಸಹಿಸಲಾಗಲಿಲ್ಲ. "ಡಬ್ಬಿ ಮಡಚು ಅಂದ್ರೆ ಮಡಚ್ತಿದ್ದೆ. ಮನೇಲಿ ಕೂತ್ಕೋ ಅಂದ್ರೆ ಕೂತ್ಕೋತಿದ್ದೆ. ನಾಲ್ಕು ದಿನ ಅಳ್ತಿದ್ದೆ, ಆಮೇಲೆ ಎದ್ದು ಪಾತ್ರೆ ತೊಳೀತಿದ್ದೆ. ಹೋಗ್ತಿದ್ದದ್ದು ನಾನೊಬ್ಬಳು."

"ನಿನ್ನನ್ನ ಹಾಗೆ ನೋಡೋಕೆ ನನಗೆ ಆಗ್ಲಿಲ್ಲ."

"ಈಗ ಮೂವತ್ತೆಂಟು ಜನನ್ನ ನೋಡು."

"ಬೈದುಬಿಡು ಅಕ್ಕ," ಅಂದೆ. "ಹೊಡಿ ಬೇಕಾದ್ರೆ."

"ಯಾವ ಬಾಯಲ್ಲಿ ಬೈಲಿ? ಬೆಳೆಸಿದೋಳು ನಾನು," ಅಂದಳು. ಉಳಿದ ಬಟ್ಟೆಗಳನ್ನು ಅವಳೇ ಒಣಹಾಕಿದಳು, ಒಂದೊಂದಕ್ಕೂ ಕೈ ಬದಲಿಸಿಕೊಳ್ಳುತ್ತ. ನನಗೆ ಮುಟ್ಟಲು ಬಿಡಲಿಲ್ಲ.

ಇತ್ತ ಲೈನಿನಲ್ಲಿ ಇನ್ನೊಂದು ಸುದ್ದಿ ಓಡಾಡುತ್ತಿತ್ತು. ಊರಿನ ಆ ತುದಿಯಲ್ಲಿ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆ ಇದೆ. ನಮ್ಮ ಲೈನ್ ಲೀಡರಿನ ಭಾವ ಅಲ್ಲಿ ಸೂಪರ್‌ವೈಸರ್. ಕಣ್ಣು, ಕೈ ಎರಡೂ ಚೆನ್ನಾಗಿರುವ ಹನ್ನೆರಡು ಜನರನ್ನು ಒಟ್ಟಿಗೆ ತೆಗೆದುಕೊಳ್ಳುತ್ತಾರಂತೆ. ಪಟ್ಟಿಯಲ್ಲಿ ನನ್ನ ಹೆಸರಿತ್ತು, ರೇಡಿಯೋ ಇದ್ದಳು, ಮೂರನೇ ಮೇಜಿನವಳೂ ಇದ್ದಳು. ಐವತ್ತಾರು ವರ್ಷದ, ಕೈ ನಡುಗುವ ಅಕ್ಕನನ್ನು ಯಾರೂ ಕೇಳಲಿಲ್ಲ.

ರೇಡಿಯೋಳ ಬಾಯಿ ದೊಡ್ಡದು, ಆದರೆ ತಲೆ ದಡ್ಡತಲೆಯಲ್ಲ. ಐದನೇ ವಾರದ ಒಂದು ಮಧ್ಯಾಹ್ನ, ಶಿಫ್ಟು ಬಿಟ್ಟು ಎಲ್ಲರೂ ಬಟ್ಟೆ ಬದಲಾಯಿಸುತ್ತಿದ್ದಾಗ ಅವಳು ನನ್ನ ಎದುರು ಬಂದು ನಿಂತಳು.

"ಮೂರು ವರ್ಷ ಒಂದೂ ಕೆಡ್ಲಿಲ್ಲ. ಕ್ಯಾಮೆರಾ ಕಟ್ಟಿದ ದಿನದಿಂದ ಎಲ್ಲರದ್ದೂ ಕೆಡ್ತಿದೆ. ಕ್ಯಾಮೆರಾಗೆ ಹೆದರಿ ನಾಲ್ಕು ಜನದ್ದೂ ಕೈ ಒಟ್ಟಿಗೆ ಕೆಡುತ್ತಾ?" ಇನ್ನೂ ಒಂದು ಹೆಜ್ಜೆ ಹತ್ತಿರ ಬಂದಳು. "ಯಾರೋ ಮಧ್ಯೆ ಕೈ ಹಾಕಿ ಸರಿ ಮಾಡ್ತಿದ್ರು. ಆ ಸೊನ್ನೆ ನೋಡಿಯೇ ನಮ್ಮನ್ನ ಓಡಿಸಿದ್ದು. ನೀನು ತಾನೇ ಅದು?"

ನಾನು ಬಾಯಿ ತೆರೆದೆ. ತೆರೆದೆ ಎಂದು ನೆನಪಿದೆ.

"ಅವಳಲ್ಲ," ಅಂದಳು ಅಕ್ಕ, ಬೆಂಚಿನ ಮೇಲೆ ಕೂತಲ್ಲಿಂದಲೇ. "ನಾನು."

ಎಲ್ಲರೂ ಆ ಕಡೆ ತಿರುಗಿದರು.

"ತಟ್ಟೆ ಅವಳ ಹತ್ರ ಹೋಗೋಕೆ ಮುಂಚೆ ನಾನೇ ನೋಡಿ ಇನ್ನೊಂದು ಹನಿ ಹಾಕ್ತಿದ್ದೆ. ನೀಲಿ ದೀಪ ನನ್ನ ಪಕ್ಕದಲ್ಲೇ ಅಲ್ವಾ ಇರೋದು. ಪಾಪ, ಅವಳಿಗೇನು ಗೊತ್ತು."

"ನಾಲ್ಕು ಜನದ್ದೂ?" ರೇಡಿಯೋಗೆ ಪೂರ್ತಿ ನಂಬಿಕೆ ಬರಲಿಲ್ಲ. "ನಿಮ್ಮದನ್ನೂ ಮಾಡ್ಕೊಂಡು, ಉಳಿದವರದ್ದನ್ನೂ?"

"ಏನು ಮಹಾ. ಇಪ್ಪತ್ತೆಂಟು ವರ್ಷದ ಕೈ ಇದು. ಮೊನ್ನೆ ಮೊನ್ನೆ ತಾನೇ ಕೆಟ್ಟಿದ್ದು," ಅಂದಳು ಅಕ್ಕ. ಬಲಗೈಯನ್ನು ಎಡಗೈಯ ಕೆಳಗೆ ಅದುಮಿ ಹಿಡಿದಿದ್ದಳು.

ನಂಬಿದರು. ಅವರಿಗೆಲ್ಲ ಸೂಜಿ ಹಿಡಿಯಲು ಕಲಿಸಿದ ಕೈ ಅದು, ನಂಬದೆ ಏನು. ಮೂರನೇ ಮೇಜಿನವಳು ಮೊದಲು ಮಾತಾಡಿದಳು. "ನಿಮ್ಮನ್ನ ಯಾರು ಕೇಳಿದ್ರು? ನನ್ನ ಪೀಸು ಕೆಟ್ಟಿದ್ರೆ ಕೆಡ್ಲಿ ಅಂತ ಬಿಡಬೇಕಿತ್ತು. ನಮ್ಮ ಹೊಟ್ಟೆ ಮೇಲೆ ಹೊಡೆದುಬಿಟ್ರಲ್ಲ." ಹಿಂದಿನಿಂದ ಇನ್ನೊಬ್ಬಳು, "ಹೆಸರು ಬರಲಿ ಅಂತ ಮಾಡಿದ್ದು. ಫೋಟೋದಲ್ಲಿ ಮಧ್ಯ ನಿಂತಿದ್ದು ಯಾರು?" ಅಂದಳು. ಅಕ್ಕ ಎಲ್ಲದಕ್ಕೂ ಹೂಂ ಅಂದಳು.

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಕ್ಕ ನನ್ನತ್ತ ನೋಡಿದಳು. ನಾನು ಚಿಕ್ಕವಳಿದ್ದಾಗ, ಮನೆಗೆ ಬಂದವರ ಮುಂದೆ ಏನೋ ಬಾಯಿಬಿಡಲು ಹೊರಟರೆ ಅವಳು ನೋಡುತ್ತಿದ್ದ ನೋಟ ಅದು. ನಾನು ಬಾಯಿ ಮುಚ್ಚಿಕೊಂಡೆ. ಅಕ್ಕ ತಡೆದಳು, ಅದಕ್ಕೆ ಸುಮ್ಮನಾದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಲ್ಲ. ಪಟ್ಟಿಯಲ್ಲಿ ನನ್ನ ಹೆಸರಿತ್ತು. ನನಗೆ ಹೆದರಿಕೆಯಾಯಿತು.

ಬಸ್‌ಸ್ಟಾಪಿನಲ್ಲಿ ನಾವಿಬ್ಬರೇ. ಉಳಿದವರು ಬೇಕೆಂದೇ ಮುಂದಿನ ಸ್ಟಾಪಿಗೆ ನಡೆದುಹೋಗಿದ್ದರು.

"ನಾಳೆ ನಾನು ನಿಜ ಹೇಳ್ತೀನಿ," ಅಂದೆ.

"ಹೇಳಿ ಏನಾಗುತ್ತೆ?"

"ನೀನು ಯಾಕೆ ಅನ್ನಿಸ್ಕೋಬೇಕು?"

"ನೋಡು, ಆ ಹನ್ನೊಂದು ಜನದ ಜೊತೆ ನೀನು ಇನ್ನೂ ಹದಿನೈದು ವರ್ಷ ಕೂತು ಗಾಜು ಉಜ್ಜಬೇಕು. ಅವರು ಬೇಡ ಅಂದ್ರೆ ನಿನ್ನನ್ನ ಗೇಟಿನೊಳಗೆ ಬಿಡಲ್ಲ. ಮಗಳ ಓದು ಮುಗಿಬೇಕು. ನನಗೆ ಯಾರ ಜೊತೆ ಏನಿದೆ? ಮೇಲೆ ಕೋಣೆ, ಕೆಳಗೆ ಊಟ." ಆಮೇಲೆ ಅವಳ ಮುಖದಲ್ಲಿ ನಗುವಿನಂಥದ್ದು ಬಂತು. "ನಂಬಿಬಿಟ್ರಲ್ಲ ಕಣೇ. ನಾಲ್ಕು ಜನದ್ದೂ ನಾನೊಬ್ಬಳೇ ಮಾಡ್ತಿದ್ದೆ ಅಂದ್ರೂ ನಂಬಿದ್ರು."

ನನಗೆ ಅಲ್ಲೇ ರಸ್ತೆಯಲ್ಲಿ ಕೂತು ಅಳಬೇಕೆನ್ನಿಸಿತು. ಬಸ್ಸು ಬಂತು, ಹತ್ತಿದೆವು.

ಕೊನೆಯ ದಿನ ಎಲ್ಲರೂ ತಮ್ಮ ನಂಬರಿನ ಮುದ್ರೆಗಳನ್ನು ಆಫೀಸಿಗೆ ಕೊಟ್ಟರು, ಕಾಗದಗಳಿಗೆ ಸಹಿ ಹಾಕಿದರು. ಕಂಪನಿಯವರು ಕ್ಯಾಂಟೀನಿನಲ್ಲಿ ಊಟ ಹಾಕಿಸಿದರು. ಮೂವತ್ತಾರು ಜನ ಮೇಜುಗಳನ್ನು ಎಳೆದು ಜೋಡಿಸಿಕೊಂಡು ಒಟ್ಟಿಗೆ ಕೂತರು. ಅಕ್ಕ ಕಿಟಕಿಯ ಪಕ್ಕ ಒಬ್ಬಳೇ. ಮಾಸ್ಕು, ಟೋಪಿ ಇಲ್ಲದ ಅವಳ ಮುಖವನ್ನು ನಾನು ಎಷ್ಟೋ ದಿನದ ಮೇಲೆ ಫ್ಯಾಕ್ಟರಿಯ ಬೆಳಕಿನಲ್ಲಿ ಸರಿಯಾಗಿ ನೋಡಿದೆ. ವಯಸ್ಸಾಗಿತ್ತು. ನಾನು ತಟ್ಟೆ ಹಿಡಿದು ನಡುವೆ ನಿಂತೆ. ಅವಳು ತಲೆಯೆತ್ತದೆ, ಬೆರಳು ಮಾತ್ರ ಸ್ವಲ್ಪ ಎತ್ತಿ, ಬೇಡ ಅಂದಳು.

"ಬಾರೇ ಇಲ್ಲಿ," ಎಂದು ರೇಡಿಯೋ ಪಕ್ಕದ ಕುರ್ಚಿ ಎಳೆದಳು. "ನಿನ್ನ ಅಕ್ಕ ಮಾಡಿದ್ದಕ್ಕೆ ನೀನೇನು ಮಾಡ್ತೀಯ? ನಿನ್ನ ಮೇಲೆ ನಮಗೇನೂ ಬೇಜಾರಿಲ್ಲ."

ನಿನ್ನ ಅಕ್ಕ. ಅಲ್ಲಿಯವರೆಗೂ ಅವಳು ಅವರೆಲ್ಲರ ಅಕ್ಕ. ನಾನು ಹೋಗಿ ಆ ಕುರ್ಚಿಯಲ್ಲಿ ಕೂತೆ. ತುತ್ತು ಗಂಟಲಲ್ಲಿ ಇಳಿಯಬಾರದಿತ್ತು. ಇಳಿಯಿತು, ತಟ್ಟೆ ಖಾಲಿಯಾಯಿತು.

ಈಗ ಗಾಜಿನ ಕಾರ್ಖಾನೆಗೆ ಸೇರಿ ಏಳು ತಿಂಗಳು. ಕೆಲಸ ಕಷ್ಟವೇನಲ್ಲ, ಸಂಬಳ ಸ್ವಲ್ಪ ಕಡಿಮೆ. ಹನ್ನೆರಡೂ ಜನ ಅಕ್ಕಪಕ್ಕ ಕೂತಿದ್ದೇವೆ. ಕೆಲಸ ಸಿಗದೆ ಮನೆಯಲ್ಲಿ ಉಳಿದ ಹಳೆಯ ಗೆಳತಿಯರ ಮಾತು ಬಂದಾಗಲೆಲ್ಲ ಆ ಮಾತು ಸುತ್ತಿಕೊಂಡು ಅಕ್ಕನ ಹತ್ತಿರ ಬಂದು ನಿಲ್ಲುತ್ತದೆ. ತೊಳೆಯುವ ಕೆಲಸದವಳೊಬ್ಬಳು ಮನೆ ಖಾಲಿ ಮಾಡಿದಳಂತೆ. ಅವತ್ತು ಎಲ್ಲರೂ ಅಕ್ಕನಿಗೆ ಹಿಡಿಶಾಪ ಹಾಕಿದರು. ರೇಡಿಯೋ ಮಾತ್ರ, "ಇವಳ ಮುಂದೆ ಬೇಡ ಬಿಡ್ರೇ," ಅಂದಳು.

ಸಂಜೆ ಮನೆಗೆ ಬಂದರೆ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕೂತಿರುತ್ತಾಳೆ. ಈಗ ಎರಡೂ ಕೈ ನಡುಗುತ್ತವೆ. ಲೋಟಕ್ಕೆ ಅರ್ಧ ಟೀ ಮಾತ್ರ ಹಾಕಿಕೊಡುತ್ತೇನೆ, ತುಳುಕಬಾರದೆಂದು. ಅವತ್ತು ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ಇವತ್ತೂ ಬೈದ್ರಾ?"

"ಬೈದ್ರು."

"ನೀನು ಸುಮ್ನೆ ಕೂತಿದ್ಯಾ? ಹಾಗೆ ಸುಮ್ನಿದ್ರೆ ಅವರಿಗೆ ಅನುಮಾನ ಬರುತ್ತೆ ಕಣೇ."

"ಇಲ್ಲ," ಅಂದೆ. "ನಾನೂ ಬೈದೆ."

ಅಕ್ಕ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು, ಒಂದು ಗುಟುಕು ಕುಡಿದು, "ಒಳ್ಳೇದು ಮಾಡಿದೆ," ಅಂದಳು.